ಗೇಟು ಬಿದ್ದ ಮೇಲೂ ನುಗ್ಗುತ್ತಾರೆ, ಏನು ಹಾಕಿಸಬೇಕು?

ದಿನಾ_ದಾಟುವವಳು:
ನಾನು ದಿನಾ ದಾಟುವ ಲೆವೆಲ್ ಕ್ರಾಸಿಂಗ್‌ನಲ್ಲಿ ಕೆಂಪು ದೀಪ, ಗಂಟೆ, ಅರ್ಧ ರಸ್ತೆಗೆ ಬೀಳುವ ಗೇಟು ಎಲ್ಲಾ ಇವೆ. ಆದರೂ ಬೈಕಿನವರು ಎದುರು ಬದಿಗೆ ಹೊರಳಿ ಹಾವಿನ ಹಾಗೆ ತೂರಿಕೊಂಡು ಹೋಗುತ್ತಾರೆ. ನಿನ್ನೆ ಒಬ್ಬರು ಹಿಂದೆ ಮಗುವನ್ನು ಕೂರಿಸಿಕೊಂಡೇ ನುಗ್ಗಿದರು. ಎದೆ ಧಸಕ್ ಅಂತು. ಮನವಿ ಬರೆಯೋಣ ಅಂತಿದ್ದೇನೆ. ಇನ್ನಷ್ಟು ಬೋರ್ಡ್ ಕೇಳಲಾ, ಪೂರ್ತಿ ಗೇಟು ಕೇಳಲಾ?

ಅವಸರದವನು:
ಪೂರ್ತಿ ಗೇಟೇ ಕೇಳಿ. ಬೋರ್ಡ್ ಓದೋರು ಯಾರು?

ಹಳೇ_ಸಿಗ್ನಲ್:
ಸಿಗ್ನಲ್ ಕೆಲಸದಲ್ಲಿದ್ದವನು ನಾನು. ಮೊದಲು ವಾಚ್ ಹಿಡಿದು ನಿಲ್ಲಿ. ದೀಪ ಹತ್ತಿದ ಎಷ್ಟು ಹೊತ್ತಿಗೆ ರೈಲು ಬರುತ್ತೆ, ಬರೆದುಕೊಳ್ಳಿ. ಅಮೆರಿಕದ ನಿಯಮದಲ್ಲಿ ಕನಿಷ್ಠ 20 ಸೆಕೆಂಡ್ ಇರಬೇಕು. ಜಾಸ್ತಿಯಾದರೂ ತೊಂದರೆಯೇ. ಗಂಟೆಗೆ 100 ಕಿ.ಮೀ. ಓಡುವ ರೈಲಿಗೆ 30 ಸೆಕೆಂಡ್ ಸಿಗಲಿ ಅಂತ ಹಳಿ ಮೇಲೆ ಒಂದು ಜಾಗ ಗೊತ್ತು ಮಾಡಿರುತ್ತಾರೆ ಅನ್ನಿ. ರೈಲು ಅಲ್ಲಿಗೆ ಬಂದ ಕೂಡಲೇ ದೀಪ ಹತ್ತುತ್ತೆ. ಅದೇ ಜಾಗ ದಾಟಿದ ಗೂಡ್ಸ್ 20ರಲ್ಲಿ ತೆವಳಿದರೆ ಎರಡೂವರೆ ನಿಮಿಷ ಕಾಯಬೇಕು. ಜನ ಎರಡು ಸಲ ಕಾದು, ಮೂರನೇ ಸಲ ನುಗ್ಗುತ್ತಾರೆ. ರೈಲಿನ ವೇಗ ಅಳೆದು, ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಮೊದಲು ಎಚ್ಚರಿಸುವ ಸಾಧನ ಇದೆ. ಅದನ್ನು ಕೇಳಿ. ಜೊತೆಗೆ ಗೇಟಿನವರೆಗೂ ರಸ್ತೆ ಮಧ್ಯೆ ಡಿವೈಡರ್. ಹೊರಳೋಕೇ ಜಾಗ ಇರಲ್ಲ.
ಪೂರ್ತಿ ಗೇಟಾದರೆ ಹೊರಹೋಗುವ ಬದಿಯದ್ದು ತಡವಾಗಿ ಬೀಳಬೇಕು. ಇಲ್ಲದಿದ್ದರೆ ಒಳಗಿದ್ದ ಗಾಡಿ ಹಳಿ ಮೇಲೇ ಸಿಕ್ಕಿಕೊಳ್ಳುತ್ತೆ.

ದಿನಾ_ದಾಟುವವಳು:
ಇವತ್ತು ನಿಂತು ನೋಡಿದೆ ಸರ್. ಪ್ಯಾಸೆಂಜರ್‌ಗೆ 34 ಸೆಕೆಂಡ್. ಗೂಡ್ಸ್‌ಗೆ 2 ನಿಮಿಷ 10 ಸೆಕೆಂಡ್! ನುಗ್ಗಿದ ನಾಲ್ವರೂ ಗೂಡ್ಸ್ ಹೊತ್ತಿನವರೇ.

ಹಳೇ_ಸಿಗ್ನಲ್:
ಅಂದುಕೊಂಡಿದ್ದೆ. ದಾಟಿದ ಕೂಡಲೇ ಟ್ರಾಫಿಕ್ ಸಿಗ್ನಲ್ ಏನಾದರೂ ಇದೆಯಾ?

ದಿನಾ_ದಾಟುವವಳು:
ಇದೆ. ಎರಡು ಕಾರು ನಿಲ್ಲುವಷ್ಟೇ ಜಾಗ.

ಹಳೇ_ಸಿಗ್ನಲ್:
ಹಾಗಾದರೆ ಅದನ್ನೇ ಮನವಿಯ ಮೊದಲ ಸಾಲಲ್ಲಿ ಬರೆಯಿರಿ. 1995ರಲ್ಲಿ ಅಮೆರಿಕದ ಫಾಕ್ಸ್ ರಿವರ್ ಗ್ರೋವ್‌ನಲ್ಲಿ ಶಾಲಾ ಬಸ್ ಹಳಿ ದಾಟಿ ಕೆಂಪು ಸಿಗ್ನಲ್‌ಗೆ ನಿಂತಿತ್ತು. ಬಾಲ ಮಾತ್ರ ಹಳಿ ಕಡೆ ಚಾಚಿತ್ತು. 7 ವಿದ್ಯಾರ್ಥಿಗಳು ಸತ್ತರು. ರೈಲು ಬರುವ ಮೊದಲೇ ಆ ಸಿಗ್ನಲ್ ಹಸಿರಾಗಿ ಸಾಲು ಖಾಲಿಯಾಗಬೇಕು. ಗೇಟಿಗೂ ಅದಕ್ಕೂ ವೈರ್ ಜೋಡಿಸಿದ್ದಾರಾ ಅಂತ ಕೇಳಿ.

ದಿನಾ_ದಾಟುವವಳು:
ಸಂಜೆ ಲಾರಿಯ ಬಾಲ ಹಳಿ ಮೇಲೇ ಇರುತ್ತೆ ಸರ್. ದಿನಾ ನೋಡಿದ್ದೇನೆ, ತಲೆಗೆ ಹೋಗಿರಲಿಲ್ಲ. ನಾಳೆ ಫೋಟೋ ತೆಗೆದು ಮನವಿಗೆ ಲಗತ್ತಿಸುತ್ತೇನೆ.