ಹೊಟ್ಟೆಯಲ್ಲಿ ಜಂತುಹುಳ ಇದ್ದರೆ ಮಂಗ ಸೀನಲ್ವಾ?

ತಾರಸಿಮನೆ: ಜಪಾನಿನ ಮಂಗಗಳಿಗೂ ಸುಗಿ ಮರದ ಪರಾಗ ಆಗಿಬರುವುದಿಲ್ಲ. ನಮ್ಮ ಹಾಗೇ ಸೀನುತ್ತವೆ, ಕಣ್ಣು ಉಜ್ಜಿಕೊಳ್ಳುತ್ತವೆ. ಆದರೆ ಹೊಟ್ಟೆಯಲ್ಲಿ ಜಂತುಹುಳ ಇದ್ದರೆ ಅಲರ್ಜಿ ಕಡಿಮೆ ಅನ್ನುವ ವಾದ ಇದೆ. ತಾನು ಉಳಿಯಬೇಕಲ್ಲ, ಅದಕ್ಕೆ ಹುಳ ಹೊರಗಿನದ್ದರ ಮೇಲೆ ದೇಹಕ್ಕೆ ಬರುವ ಸಿಟ್ಟನ್ನು ತಣ್ಣಗೆ ಮಾಡುತ್ತದೆ. ಮಲ್ಲೇಶ್ವರದ ನಮ್ಮ ತಾರಸಿಗೆ ಬರುವ ಮಂಗಗಳಲ್ಲಿ ಒಂದೂ ಸೀನಿದ್ದು ನೋಡಿಲ್ಲ. ಟಬೂಬಿಯಾ ಹೂ ಬಿಟ್ಟರೆ ಕರ್ಚೀಫು ಹಿಡಿದು ಕೂರುವವನು ನಾನೊಬ್ಬನೇ.

ರಾಗಿಮುದ್ದೆ: "ಒಂದೂ ಸೀನಿದ್ದು ನೋಡಿಲ್ಲ" ಅನ್ನೋದು ಪುರಾವೆನಾ ಸ್ವಾಮಿ? ಜಪಾನಿನ ಕಾಡುಮಂಗಗಳ ಹೊಟ್ಟೆಯಲ್ಲೂ ಹುಳ ಇರುತ್ತವೆ. ಆದರೂ ಸೀನುತ್ತವಲ್ಲ!

ಸಂಪಿಗೆ: ಪಾಪ, ಟಬೂಬಿಯಾನ ಯಾಕೆ ಬೈತೀರಿ? ಅದರ ಪರಾಗವನ್ನು ಜೇನುಹುಳ ಹೊರಬೇಕು. ಗಾಳಿಯಲ್ಲಿ ಹಾರುವುದು ಹುಲ್ಲಿಂದು, ಕಾಂಗ್ರೆಸ್ ಗಿಡದ್ದು.

ತಾರಸಿಮನೆ: ಮೂಗು ನನ್ನದು ಮೇಡಂ. ಮರದ ಕೆಳಗೆ ನಿಲ್ಲಿಸಿದ ಸ್ಕೂಟರ್ ಸೀಟು ಒರೆಸಿದರೆ ಬೆರಳೆಲ್ಲ ಹಳದಿ.

ಸಂಪಿಗೆ: ಸೀಟಿನ ಮೇಲೆ ಬೀಳುತ್ತದೆ, ಹಾರಲ್ಲ. ನಾನು ಹೇಳಿದ್ದೂ ಅದೇ ಅಲ್ವಾ?

ಹಳೇ ಲ್ಯಾಬು: ಹೂವಿನ ಜಗಳ ಬಿಡಿ. ಗ್ಯಾಬನ್ ದೇಶದ ಶಾಲಾ ಮಕ್ಕಳ ಅಧ್ಯಯನ 2000ದಲ್ಲಿ ಬಂತು. ಮೂತ್ರನಾಳದ ಶಿಸ್ಟೊಸೋಮ ಹುಳ ಇದ್ದವರಿಗೆ ಧೂಳಿನ ನುಸಿಯ ಅಲರ್ಜಿ ತಿಳಿಯುವ ಚರ್ಮಪರೀಕ್ಷೆಯಲ್ಲಿ ಗಂದೆ ಏಳುವುದು ಕಡಿಮೆ ಇತ್ತು. ಜಪಾನಿನ ಪರೋಪಜೀವಿ ತಜ್ಞ ಕೊಯಿಚಿರೊ ಫುಜಿತಾ ಅಂತೂ ತನ್ನ ಹೊಟ್ಟೆಯಲ್ಲೇ ಲಾಡಿಹುಳ ಸಾಕಿದ್ದರು.

ರಾಗಿಮುದ್ದೆ: ಸಾಕಿದ್ದರೆ ಸಾಕಲಿ, ನಾನು ಬೇಕಾದರೆ ನಾಯಿ ಸಾಕುತ್ತೇನೆ. ಡೆನ್ಮಾರ್ಕಿನ ಅಧ್ಯಯನವನ್ನು ಯಾಕೆ ಹೇಳದೆ ನುಂಗಿದಿರಿ? 2010ರಲ್ಲಿ ಹುಲ್ಲಿನ ಪರಾಗದ ಅಲರ್ಜಿ ಇದ್ದ ಸುಮಾರು 100 ಜನರ ಮೇಲೆ ಪ್ರಯೋಗ ಆಯಿತು. ಕೆಲವರಿಗೆ ಹಂದಿಯ ಹುಳದ ಮೊಟ್ಟೆ, ಉಳಿದವರಿಗೆ ಸುಳ್ಳು ಔಷಧಿ. ಸೀನು ನಿಲ್ಲಲಿಲ್ಲ.

ಹಳೇ ಲ್ಯಾಬು: ಹಂದಿಯ ಹುಳ ಮನುಷ್ಯನಲ್ಲಿ ಎಷ್ಟು ದಿನ ನಿಲ್ಲುತ್ತದೆ? ಹುಟ್ಟಿದಾಗಿಂದ ಹುಳ ಇರುವ ಮಂಗಕ್ಕೆ ಅದು ಸಾಟಿನಾ?

ಸಂಪಿಗೆ: "ಹೂವಿನ ಜಗಳ" ಅಂದಿರಲ್ಲ ಸರ್, ಇಲ್ಲಿ ಮೂಲ ಅದೇ. ತಾರಸಿಯವರು ಚರ್ಮಪರೀಕ್ಷೆ ಮಾಡಿಸಿದ್ದಾರಾ, ಕೇಳಿ.

ತಾರಸಿಮನೆ: ಮಾಡಿಸಿದ್ದೆ. ಕಾಂಗ್ರೆಸ್ ಗಿಡಕ್ಕೆ ಗಂದೆ ಎದ್ದಿತ್ತು. ಟಬೂಬಿಯಾದ ಚುಚ್ಚು ಅವರ ಪಟ್ಟಿಯಲ್ಲೇ ಇರಲಿಲ್ಲ. ಪಟ್ಟಿಯದೇ ತಪ್ಪು.

ಸಂಪಿಗೆ: ಅಯ್ಯೋ ದೇವರೇ! ಮೊದಲ ದಿನವೇ ಹೇಳಬಾರದಿತ್ತಾ?

ಕಟ್ಟೆಪುರಾಣ: ನಮ್ಮ ಮಗುವಿಗೆ ಫೆಬ್ರವರಿಯಲ್ಲಿ ಅಂಗನವಾಡಿಯವರು ಜಂತುಹುಳದ ಮಾತ್ರೆ ಕೊಟ್ಟರು. ಕೊಡಿಸಬಾರದಿತ್ತಾ ಹಾಗಾದರೆ?

ಹಳೇ ಲ್ಯಾಬು: ನಾನೆಲ್ಲಿ ಹಾಗಂದೆ? ಕೆಲವು ಹುಳ ರಕ್ತ ಹೀರುತ್ತವೆ. ಕೊಡಿಸಿ, ಕೊಡಿಸಿ.

ರಾಗಿಮುದ್ದೆ: ಆಹಾ, ಈಗ ಹುಳ ಕೆಟ್ಟದ್ದಾಯಿತು!

ತಾರಸಿಮನೆ: ಈಗಷ್ಟೇ ಒಂದು ಮಂಗ ನೀರಿನ ಟ್ಯಾಂಕಿನ ಮೇಲೆ ಕೂತು ಟಬೂಬಿಯಾ ಹೂ ತಿಂತಿದೆ. ಸೀನಿಲ್ಲ.

ಸಂಪಿಗೆ: ಬಾಯಲ್ಲಿ ತಿಂತಿದೆ ಸ್ವಾಮಿ, ಮೂಗಲ್ಲಿ ಅಲ್ಲ.