ಬಳ್ಳಾರಿ ಚರ್ಚ್ ರಿಜಿಸ್ಟರ್: ಮದುವೆಯಾಗದೆ ಕೂಡಿ ಬಾಳಿದವರ ಪತ್ತೆ ಹೇಗೆ?

ಪ್ರಶ್ನೆ: ಬಳ್ಳಾರಿ ಕಂಟೋನ್ಮೆಂಟಿನ 19ನೇ ಶತಮಾನದ ಮದುವೆ ದಾಖಲೆ ನೋಡುತ್ತಿದ್ದೇನೆ. ಮದುವೆಯಿಲ್ಲದೆ ಜೊತೆಗಿದ್ದವರನ್ನು ಗುರುತಿಸುವುದು ಹೇಗೆ? ರಾಯಚೂರಿನದೂ ಅಲ್ಲೇ ಸಿಗುತ್ತದೆಯೇ?

ಉತ್ತರ 1: ಮದುವೆ ಪುಸ್ತಕ ಬದಿಗಿಡಿ ಸರ್, ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ಪುಸ್ತಕದಿಂದ ಶುರು ಮಾಡಿ. ಮಗುವಿಗೊಂದು ಸಾಲು: ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ, ತಂದೆ, ತಾಯಿ, ತಂದೆಯ ರೆಜಿಮೆಂಟ್. ಆಮೇಲೆ ಅದರ ಪಕ್ಕಕ್ಕೆ ಮದುವೆ ತಾರೀಖು ಬರೆಯಿರಿ. ಹಿರಿಯ ಮಗು ಮದುವೆಗೆ ಮುಂಚೆಯೇ ಹುಟ್ಟಿದ್ದರೆ ಸುಳಿವು ಸಿಕ್ಕಿತು. ದೀಕ್ಷಾಸ್ನಾನದ ದಿನವನ್ನೇ ಹುಟ್ಟಿದ ದಿನ ಅಂದುಕೊಂಡರೆ ಮಾತ್ರ ಲೆಕ್ಕವೆಲ್ಲ ಕೆಡುತ್ತದೆ. ಮೂರ್ನಾಲ್ಕು ಮಕ್ಕಳಿಗೆ ಒಂದೇ ದಿನ ದೀಕ್ಷಾಸ್ನಾನ ಕೊಡಿಸಿದ್ದೂ ಉಂಟು. ಮದುವೆ ಸಿಗಲಿಲ್ಲವೆಂದರೆ ಆಗಿಲ್ಲ ಎಂದಲ್ಲ. ಪಲ್ಟನ್ ಊರೂರು ತಿರುಗುತ್ತಿತ್ತು, ಹಿಂದಿನ ಠಾಣೆಯ ಪುಸ್ತಕವನ್ನೂ ನೋಡಿ.

ಉತ್ತರ 2: ಬಳ್ಳಾರಿ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು, ಹಾಗಾಗಿ ಚರ್ಚ್ ಪುಸ್ತಕಗಳ ನಕಲುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಎನ್/2 ಸರಣಿಯಲ್ಲಿ, ಮದ್ರಾಸ್ ವಿಭಾಗದಲ್ಲಿವೆ. ಅವು ನಕಲು, ಹೆಸರು ತಪ್ಪಿರುತ್ತವೆ. ಮೂಲದೊಂದಿಗೆ ತಾಳೆ ನೋಡಲೇಬೇಕು. ರಾಯಚೂರು ನಿಜಾಮರ ಸೀಮೆ, 1853ರಿಂದ 1860ರವರೆಗೆ ಮಾತ್ರ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿನದಕ್ಕೆ ಆಯಾ ಚರ್ಚಿನ ಪುಸ್ತಕವನ್ನೇ ಕೇಳಿ.

ಉತ್ತರ 3: ಒಂದು ಮಾತು, ದಯವಿಟ್ಟು ಗಮನಿಸಿ. ಉಡಿಕೆಯಾದ (ಕುಲದ ರೂಢಿಯಂತೆ ಮರುಸಂಬಂಧ ಮಾಡಿಕೊಂಡ) ವಿಧವೆಯರನ್ನು ‘ಮದುವೆಯಾಗದವರು’ ಪಟ್ಟಿಗೆ ಸೇರಿಸಬೇಡಿ. ಸೀರೆ ಉಡಿಸಿ ಕುಲದವರ ಎದುರು ಕೂಡಿಸಿದ್ದು ಊರಿಗೆ ಸಂಬಂಧವೇ, ಪಾದ್ರಿಯ ಪುಸ್ತಕಕ್ಕೆ ಬರಲಿಲ್ಲ ಅಷ್ಟೇ. ಕ್ಯಾಥೊಲಿಕ್ ಪುಸ್ತಕವಾದರೆ ಸೋದರತ್ತೆ, ಸೋದರಮಾವನ ಮಕ್ಕಳ ಮದುವೆಗೆ ವಿಶೇಷ ಅನುಮತಿ ಬೇಕಿತ್ತು. ಆ ಟಿಪ್ಪಣಿ ಹುಡುಕಿ. 1908ರ ನಂತರದ ಮದುವೆಗಳನ್ನು ದೀಕ್ಷಾಸ್ನಾನದ ಸಾಲಿನ ಅಂಚಿನಲ್ಲೂ ಬರೆಯಬೇಕೆಂಬ ನಿಯಮವಿತ್ತು, ಅಂಚು ಬಿಟ್ಟು ಫೋಟೊ ತೆಗೆಯಬೇಡಿ.