ಅಪ್‌ಡೇಟ್: ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಈಗಲೇ ಮಾಡಿಸಬೇಕಾ, ಇಂಟರ್‌ವ್ಯೂ ಹತ್ತಿರ ಬಂದಾಗ ಸಾಕಾ?

ಅಮೆರಿಕದಲ್ಲಿರುವ ಅಕ್ಕ ನಮಗಾಗಿ ಹಾಕಿದ್ದ ಎಫ್4 ಅರ್ಜಿ (ಅಮೆರಿಕದ ಪ್ರಜೆ ತನ್ನ ಒಡಹುಟ್ಟಿದವರನ್ನು ಅಲ್ಲಿಗೆ ಕರೆಸಿಕೊಳ್ಳುವ ವಲಸೆ ವೀಸಾ), ಅದಕ್ಕೆ ಪೊಲೀಸ್ ಸರ್ಟಿಫಿಕೇಟ್ ಯಾವಾಗ ಮಾಡಿಸಬೇಕು ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಕಾಯಲಿಲ್ಲ, ಮಾಡಿಸಿಬಿಟ್ಟೆವು. ಅದನ್ನು ಅಪ್‌ಲೋಡ್ ಮಾಡದೆ ಎನ್‌ವಿಸಿ (ವೀಸಾ ದಾಖಲೆ ಪರಿಶೀಲಿಸುವ ಅಮೆರಿಕದ ನ್ಯಾಷನಲ್ ವೀಸಾ ಸೆಂಟರ್) ನಮ್ಮ ಕೇಸನ್ನು ಪೂರ್ತಿ ಅಂತ ಒಪ್ಪೋದೇ ಇಲ್ಲ, ಒಪ್ಪದೆ ಮುಂಬೈನ ಅಮೆರಿಕ ಕಾನ್ಸುಲೇಟಿನ ಇಂಟರ್‌ವ್ಯೂ ಸಾಲಿಗೆ ಸೇರೋದೂ ಇಲ್ಲ, ಇನ್ನು ಕಾದು ಏನು ಪ್ರಯೋಜನ ಅಲ್ವಾ? ಪಾಸ್‌ಪೋರ್ಟ್ ಸೇವಾದಲ್ಲಿ ತಲೆಗೆ 500 ರೂಪಾಯಿ ಕಟ್ಟಿ ಅಪಾಯಿಂಟ್‌ಮೆಂಟ್ ತಗೊಂಡೆವು. ಸರ್ಟಿಫಿಕೇಟ್ 2 ವರ್ಷ ನಡೆಯುತ್ತದೆ. ಇಂಟರ್‌ವ್ಯೂ ಅದಕ್ಕಿಂತ ತಡವಾದರೆ ಹೊಸದು ಮಾಡಿಸಿ ಕೈಯಲ್ಲಿ ಹಿಡಿದುಕೊಂಡು ಹೋದರಾಯಿತು.

ನಿಜವಾದ ತಲೆನೋವು ದುಬೈದು. ಮದುವೆಗೆ ಮುಂಚೆ ನನ್ನ ಹೆಂಡತಿ ಅಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದ್ದಳು, ಹಾಗಾಗಿ ಅಲ್ಲಿಯ ಸರ್ಟಿಫಿಕೇಟೂ ಬೇಕು, ಇಲ್ಲಿ ಕೂತು ತರಿಸೋದು ಸುಮ್ನೆ ಅಲ್ಲ. ಆದರೆ ಅದು ಬಂದ ಮೇಲೆ ಆಕೆ ಮತ್ತೆ ಅಲ್ಲಿಗೆ ಹೋಗದಿದ್ದರೆ ಅದಕ್ಕೆ ಆ 2 ವರ್ಷದ ಗಡುವಿಲ್ಲ. ಆದ್ದರಿಂದ ಹೊರದೇಶದ್ದಕ್ಕೆ ಮೊದಲು ಕೈಹಾಕಿ, ಇಲ್ಲಿಯದು ಆಮೇಲೆ.

ಮಗನಿಗೆ ಈಗ 15. ಪಿಸಿಸಿ ಕೇಳೋದು 16 ತುಂಬಿದವರಿಗೆ. ಇಂಟರ್‌ವ್ಯೂ ಅಷ್ಟರೊಳಗೆ ಆಗುವ ಲಕ್ಷಣ ಕಾಣ್ತಿಲ್ಲ, ಹುಟ್ಟುಹಬ್ಬ ಆದ ಕೂಡಲೇ ಅವನದ್ದೂ ಮಾಡಿಸುತ್ತೇವೆ.